ಕವುಜುಗ ಮತ್ತು ಲಾವಗೆ: ಇವುಗಳ ಭೇದವೂ ರಕ್ಷಣೆಯೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗಳ ಹೊಲಗಳಲ್ಲಿ ನೆಲವನ್ನೇ ಆಶ್ರಯಿಸಿ ಬಾಳುವ ಕವುಜುಗ, ಲಾವಗೆಗಳೆರಡನ್ನೂ ಜನರು ‘ಬೇಟೆಯ ಹಕ್ಕಿ’ ಎಂದು ಒಂದೇ ಮಾತಿನಲ್ಲಿ ಎಣಿಸುವ ರೂಢಿಯುಂಟು. ಲಾವಗೆಯನ್ನು ಕೆಲವೆಡೆ ಬುರ್ಲಿಯೆಂದೂ ಕರೆಯುವರು. ಇವುಗಳ ವಾಸವೂ ಸಂತಾನಕ್ರಮವೂ ಬೇರೆಬೇರೆಯಾಗಿರುವುದರಿಂದ ಒಂದನ್ನು ಉಳಿಸುವ ಉಪಾಯವು ಇನ್ನೊಂದಕ್ಕೆ ಸಾಲದು. ಆದಕಾರಣ ಗ್ರಾಮದ ಗೌಡರೂ ಜಮೀನುದಾರರೂ ಈ ಭೇದವನ್ನು ಅರಿತಿರತಕ್ಕದ್ದು.

ಕವುಜುಗವು ಸುಮಾರು 13 ಅಂಗುಲ ಉದ್ದವಿದ್ದು, ಕಾಲು ಕಿಲೋಗ್ರಾಮಿನ ಆಸುಪಾಸು ತೂಗುವುದು. ಮೈಮೇಲೆ ಬೂದು-ಕಂದು ಬಣ್ಣದ ಸೂಕ್ಷ್ಮವಾದ ಅಡ್ಡಗೆರೆಗಳು. ಗಂಟಲಿನ ಮಾಸಲು ಹಳದಿಯನ್ನು ತೆಳುವಾದ ಕಪ್ಪು ಗೆರೆಯೊಂದು ಸರದಂತೆ ಸುತ್ತಿರುವುದು. ಗಂಡಿಗೆ ಹುಂಜಕ್ಕಿರುವಂತೆ ಕಾಲಿನಲ್ಲಿ ಮುಳ್ಳುಂಟು. ಲಾವಗೆಗಳಲ್ಲಿ ಹಲವು ಜಾತಿಗಳಿವೆ. ಇಲ್ಲಿ ಹೇಳುವುದು ಮಳೆಗಾಲದಲ್ಲಿ ಬೆಳೆಯೊಳಗಿನಿಂದ ಕೂಗುವ, ಗಂಡಿನ ಎದೆಯಲ್ಲಿ ಕಪ್ಪು ಮಚ್ಚೆಯುಳ್ಳ ಜಾತಿಯನ್ನು. ಅದು ಆರೂವರೆ ಅಂಗುಲವನ್ನು ಮೀರುವುದು ವಿರಳ. ತೂಕ 70-80 ಗ್ರಾಂ ಮಾತ್ರ.

ಕವುಜುಗದ ಏರುಸ್ವರದ ಕೂಗನ್ನು ಮುಂಜಾವಿನಲ್ಲಿ ಕೇಳದ ರೈತನಿಲ್ಲ. ಅದು ವರ್ಷವಿಡೀ ಬದುವಿನ ಪೊದೆ, ಕಳ್ಳಿಬೇಲಿ, ಕಪ್ಪತಗುಡ್ಡದ ತಪ್ಪಲಿನ ಕುರುಚಲು ಇವುಗಳ ಸುತ್ತಲೇ ಇರುವುದು. ರಾತ್ರಿ ಜಾಲಿಯಂಥ ಗಿಡಗಳನ್ನೇರಿ ಕೂಡುವುದು. ಲಾವಗೆಯಾದರೋ ರಾತ್ರಿಯನ್ನೂ ನೆಲದ ಮೇಲೆಯೇ ಕಳೆಯುವುದು. ಮಳೆಯನ್ನನುಸರಿಸಿ ಸ್ಥಳ ಬದಲಿಸುತ್ತ, ಹುಲ್ಲುಗಾವಲಿಗೂ ಬೆಳೆಯ ಸಾಲಿಗೂ ಬಂದು ಮೊಟ್ಟೆಯಿಡುವುದು. ಬದುವನ್ನು ಸುಟ್ಟರೆ ಕವುಜುಗಕ್ಕೆ ಮನೆಯಿಲ್ಲ. ಹೊಲವನ್ನು ಅವಸರದಿಂದ ಕೊಯ್ದರೆ ಲಾವಗೆಗೆ ಸಂತಾನವಿಲ್ಲ.

ಇವು ಕಾಳನ್ನು ತಿನ್ನುವುವೆಂಬ ದೂರು ಸುಳ್ಳಲ್ಲ. ಆದರೆ ಅವುಗಳ ಆಹಾರದಲ್ಲಿ ಉದುರಿದ ಕಾಳು, ಹುಲ್ಲುಬೀಜಗಳ ಜೊತೆಗೆ ಹುಳುಗಳೂ ಸೇರಿವೆ. ಕವುಜುಗವಂತೂ ಗೆದ್ದಲನ್ನೂ ದುಂಬಿಗಳನ್ನೂ ಹೆಕ್ಕಿ ತಿನ್ನುವುದು. ಗೆದ್ದಲಿನಿಂದ ಶೇಂಗಾ ಕಳೆದುಕೊಂಡವರು ಈ ಲೆಕ್ಕವನ್ನು ತಾವೇ ಮಾಡಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಇವೆರಡನ್ನೂ ಉರುಲು, ಬಲೆ, ಬಂದೂಕುಗಳಿಂದ ಹಿಡಿಯುವುದಾಗಲಿ ಕೊಲ್ಲುವುದಾಗಲಿ ಅಪರಾಧ. ಪಂಜರದ ಕವುಜುಗವನ್ನು ಕೂಗಿಸಿ ಕಾಡಿನದನ್ನು ಸೆಳೆಯುವ ಹಳೆಯ ಪದ್ಧತಿಗೂ ವಿನಾಯಿತಿಯಿಲ್ಲ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಈ ನಿಷೇಧವು ಧಾಮದ ಎಲ್ಲೆಗೆ ಸೀಮಿತವಲ್ಲ, ಸ್ವಂತ ಹೊಲಕ್ಕೂ ಅನ್ವಯಿಸುವುದು. ಮಾಂಸಕ್ಕಾಗಿ ಸಾಕುವ ಲಾವಗೆಯು ಜಪಾನಿ ಜಾತಿಯದು. ಆ ಹೆಸರಿನಲ್ಲಿ ಹೊಲದ ಲಾವಗೆಯನ್ನು ಸಂತೆಗೆ ತರುವವರ ಮೇಲೆ ಗೌಡರು ಕಣ್ಣಿಡತಕ್ಕದ್ದು.

ಬದುಗಳ ಪೊದೆಯನ್ನು ಒಮ್ಮೆಗೇ ಸವರದೆ, ಒಂದು ವರ್ಷ ಒಂದು ಬದು, ಮರುವರ್ಷ ಮತ್ತೊಂದು ಎಂಬಂತೆ ಸವರುವುದು ಲೇಸು. ಕವುಜುಗವು ಹೆಚ್ಚಾಗಿ ಚೈತ್ರದಿಂದ ಭಾದ್ರಪದದವರೆಗೆ ಮೊಟ್ಟೆಯಿಡುವುದರಿಂದ ಆ ಕಾಲದಲ್ಲಿ ಬದುವಿಗೆ ಬೆಂಕಿ ಸಲ್ಲದು. ಲಾವಗೆಯ ಕಾಲವು ಜ್ಯೇಷ್ಠದಿಂದ ಆಶ್ವಯುಜದವರೆಗೆ. ಹೆಸರು ಕೀಳುವ ದಿನಗಳೂ ಇದರೊಳಗೇ ಬೀಳುವುವು. ಗೂಡು ಕಂಡಲ್ಲಿ ನಾಲ್ಕೈದು ಮೊಳ ಸುತ್ತಳತೆಯ ಬೆಳೆಯನ್ನು ಮೂರು ವಾರ ಬಿಟ್ಟರೆ ಸಾಕು. ಮೊಟ್ಟೆಯೊಡೆಯಲು ಹದಿನೆಂಟು ದಿನಗಳ ಆಸುಪಾಸು ಹಿಡಿಯುವುದು. ಹುಲ್ಲು ಕೊಯ್ಯುವಾಗ ನಾಲ್ಕು ಅಂಚುಗಳಿಂದ ಒಳಮುಖವಾಗಿ ಬಾರದೆ, ನಡುವಿನಿಂದ ಹೊರಕ್ಕೆ ಕೊಯ್ಯುತ್ತ ಹೋದರೆ ಮರಿಗಳು ಬದುವಿನತ್ತ ಓಡಿಹೋಗಲು ದಾರಿಯಿರುವುದು.