ಚಳಿಗಾಲದ ಹಾದಿಯಲ್ಲಿ ಸ್ಪೋರ್ಟ್ಸ್ ಕಾರು

ಜರ್ಮನಿಯ ಸ್ಟುಟ್‌ಗಾರ್ಟ್ ನಗರವು ಪೋರ್ಷೆ ಕಾರಿನ ತವರು. ಅದರ ನೈಋತ್ಯಕ್ಕೆ ಕಪ್ಪು ಅರಣ್ಯವೆಂಬ ಬೆಟ್ಟಸೀಮೆಯಿದೆ. ಬೇಸಗೆಯಲ್ಲಿ ಆ ಬೆಟ್ಟದ ತಿರುವುಗಳನ್ನು ಲೀಲಾಜಾಲವಾಗಿ ದಾಟುವ ಸ್ಪೋರ್ಟ್ಸ್ ಕಾರನ್ನು, ಅವೇ ಟೈರುಗಳೊಡನೆ, ಜನವರಿಯ ಒಂದು ಮುಂಜಾನೆ ಹಿಮ ಬಿದ್ದ ಅದೇ ಹಾದಿಗೆ ತಂದೆವೆನ್ನೋಣ. ಸಾಧಾರಣವಾದ ಏರನ್ನೂ ಹತ್ತಲಾರದೆ ಅದರ ಗಾಲಿಗಳು ನಿಂತಲ್ಲಿಯೇ ಗಿರ್ರನೆ ತಿರುಗತೊಡಗುವುವು. ಎಂಜಿನ್ನಿನ ಬಲ ಕುಗ್ಗಿಲ್ಲ. ಚಾಲಕನ ನೈಪುಣ್ಯವೂ ಕುಗ್ಗಿಲ್ಲ. ಹಾಗಾದರೆ ಕುಗ್ಗಿದುದು ಏನು? ಉನ್ನತ ವ್ಯಾಸಂಗಕ್ಕಾಗಿ ನಮ್ಮ ವಿದ್ಯಾರ್ಥಿಗಳು ಅನೇಕರು ಇಂತಹ ಶೀತದೇಶಗಳಿಗೆ ಹೋಗುತ್ತಿರುವುದರಿಂದ, ಈ ಪ್ರಶ್ನೆ ನಮಗೂ ಸಂಬಂಧಿಸಿದುದೇ ಆಗಿದೆ.

ನಾಲ್ಕು ಅಂಗೈಗಳಷ್ಟು ನೆಲ

ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆಗಳಲ್ಲಿ. ಒಂದೊಂದು ಸ್ಪರ್ಶಸ್ಥಳವೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮುಂದೆ ಸಾಗುವುದು, ತಿರುಗುವುದು, ನಿಲ್ಲುವುದು ಈ ಮೂರು ಕೆಲಸಗಳಿಗೂ ಬೇಕಾದ ಬಲವೆಲ್ಲ ಆ ನಾಲ್ಕು ಅಂಗೈಗಳ ಘರ್ಷಣೆಯಿಂದಲೇ ಒದಗಬೇಕು. ಈ ಬಲದ ಮೇರೆಯನ್ನು ಗಾಲಿಯ ಮೇಲಿನ ಭಾರದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಘರ್ಷಣಾಂಕವೆಂದು ಹೆಸರು. ಒಣಗಿದ ಟಾರು ರಸ್ತೆಯಲ್ಲಿ ಇದು ಸುಮಾರು ೦.೮. ತುಳಿದು ಗಟ್ಟಿಯಾದ ಹಿಮದ ಮೇಲೆ ಚಳಿಗಾಲದ ಟೈರಿಗೆ ಸುಮಾರು ೦.೩, ಬೇಸಗೆಯ ಟೈರಿಗೆ ೦.೨ ಅಥವಾ ಇನ್ನೂ ಕಡಿಮೆ. ನುಣುಪಾದ ಮಂಜುಗಡ್ಡೆಯ ಮೇಲೆ ೦.೧ರಷ್ಟಕ್ಕೆ ಇಳಿಯಬಹುದು.

ಈ ಸಣ್ಣ ಸಂಖ್ಯೆಗಳ ದೊಡ್ಡ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಬ್ರೇಕು ಹಾಕಿದ ಮೇಲೆ ಕಾರು ಕ್ರಮಿಸುವ ದೂರವು, ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಷ್ಟು. ಗಂಟೆಗೆ ೫೦ ಕಿಲೊಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರು. ಒಣ ರಸ್ತೆಯಲ್ಲಿ ಈ ಕಾರು ೧೨ ಮೀಟರಿನಲ್ಲಿ ನಿಲ್ಲುವುದು. ಹಿಮದ ಮೇಲೆ ಚಳಿಗಾಲದ ಟೈರಿದ್ದರೆ ೩೩ ಮೀಟರು ಬೇಕು. ಬೇಸಗೆಯ ಟೈರಿದ್ದರೆ ೪೯ ಮೀಟರು. ಮಂಜುಗಡ್ಡೆಯ ಮೇಲೆ ೯೮ ಮೀಟರು! ಮೂವತ್ತಮೂರಕ್ಕೂ ನಲವತ್ತೊಂಬತ್ತಕ್ಕೂ ನಡುವಣ ಹದಿನಾರು ಮೀಟರಿನಲ್ಲಿ ರಸ್ತೆ ದಾಟುತ್ತಿರುವ ಮಗುವೊಂದು ಇದ್ದರೆ, ಟೈರಿನ ಆಯ್ಕೆ ಎಂತಹ ಹೊಣೆಯೆಂಬುದು ತಿಳಿಯುವುದು. ಈ ಲೆಕ್ಕದಲ್ಲಿ ಎಂಜಿನ್ನಿನ ಅಶ್ವಶಕ್ತಿ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲವೊದಗುವ ಕಾರು ಹಿಮದಲ್ಲಿ ಸುಲಭವಾಗಿ ಹೊರಡಬಲ್ಲುದು. ಆದರೆ ನಿಲ್ಲುವಾಗ ಅದಕ್ಕೆ ಯಾವ ಹೆಚ್ಚಳವೂ ಇಲ್ಲ.

ಚಳಿಗೆ ಸೆಡೆಯುವ ರಬ್ಬರು

ಹಿಮವಿಲ್ಲದೆ ಬರಿಯ ಚಳಿಯಿದ್ದರೂ ಬೇಸಗೆಯ ಟೈರಿನ ಹಿಡಿತ ಕುಗ್ಗುವುದು. ಇದಕ್ಕೆ ಕಾರಣ ರಬ್ಬರಿನ ಸ್ವಭಾವ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮಾಡುತ್ತಿದ್ದ ರಬ್ಬರು ಸಾಮಾನುಗಳು ಬೇಸಗೆಯಲ್ಲಿ ಅಂಟಂಟಾಗಿ, ಚಳಿಗಾಲದಲ್ಲಿ ಪೆಡಸಾಗಿ ಬಿರಿಯುತ್ತಿದ್ದವು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಈ ದೋಷವನ್ನು ಬಹುಮಟ್ಟಿಗೆ ನೀಗಿದನು. ರಬ್ಬರಿನ ಅಣುಗಳು ಉದ್ದವಾದ ಸರಪಣಿಗಳಂತಿರುವುವು. ಗಂಧಕವು ಅವುಗಳ ನಡುವೆ ಅಲ್ಲಲ್ಲಿ ಕೊಂಡಿ ಹಾಕುವುದು. ಕೊಂಡಿಗಳ ನಡುವಣ ಭಾಗಗಳು ಸದಾ ಅಲುಗಾಡುತ್ತಿರುವುದರಿಂದಲೇ ರಬ್ಬರಿಗೆ ಸ್ಥಿತಿಸ್ಥಾಪಕತೆ ಬಂದಿದೆ. ಶಾಖ ಕಡಿಮೆಯಾದಂತೆ ಈ ಅಲುಗಾಟ ಮಂದವಾಗುತ್ತ ಹೋಗಿ, ಕೊನೆಗೆ ಒಂದು ಉಷ್ಣತೆಯಲ್ಲಿ ರಬ್ಬರು ಗಾಜಿನಂತೆ ಪೆಡಸಾಗುವುದು.

ನಮ್ಮ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ದೊರೆಯುವ ನೈಸರ್ಗಿಕ ರಬ್ಬರಿಗೆ ಈ ಉಷ್ಣತೆಯು ಶೂನ್ಯದ ಕೆಳಗೆ ಸುಮಾರು ೭೦ ಡಿಗ್ರಿ ಸೆಂಟಿಗ್ರೇಡ್. ಸ್ಪೋರ್ಟ್ಸ್ ಕಾರಿನ ಬೇಸಗೆಯ ಟೈರಿಗೆ ಬಳಸುವ ಮಿಶ್ರಣಕ್ಕೆ ಅದು ಇದಕ್ಕಿಂತ ಬಹಳ ಮೇಲಿದೆ. ಬಿಸಿಯಾದ ರಸ್ತೆಯಲ್ಲಿ ಬಲವಾದ ಹಿಡಿತ ಬೇಕೆಂದು ಬೇಕೆಂತಲೇ ಹಾಗೆ ಮಾಡಿರುತ್ತಾರೆ. ಗಾಜಿನ ಸ್ಥಿತಿಗೆ ಇಳಿಯುವ ಬಹಳ ಮುಂಚೆಯೇ ಅದು ಗಡುಸಾಗತೊಡಗುವುದು. ರಸ್ತೆಯ ಮೇಲ್ಮೈಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಇಳಿದು ಅವನ್ನು ಅಪ್ಪಿಕೊಳ್ಳಲು ಗಡುಸಾದ ರಬ್ಬರಿಗೆ ಸಾಧ್ಯವಿಲ್ಲ. ಆದುದರಿಂದಲೇ, ಉಷ್ಣತೆಯು ೭ ಡಿಗ್ರಿಗಿಂತ ಕೆಳಗಿಳಿದಾಗ ಟೈರು ಬದಲಿಸಬೇಕೆಂಬ ವಾಡಿಕೆ ಯೂರೋಪಿನಲ್ಲಿದೆ. ಇದೊಂದು ಅಂದಾಜಿನ ಗೆರೆಯೇ ಹೊರತು ಪ್ರಕೃತಿ ಎಳೆದ ಗೆರೆಯಲ್ಲ. ಪಂದ್ಯಗಳಿಗೆಂದೇ ಮಾಡಿದಂತಹ ಕೆಲವು ಟೈರುಗಳು ಕಡುಚಳಿಯಲ್ಲಿ ಸೀಳುವುದೂ ಉಂಟು.

ಚಳಿಗಾಲದ ಟೈರಿನ ರಚನೆ

ಚಳಿಗಾಲದ ಟೈರಿನ ಮಿಶ್ರಣದಲ್ಲಿ ನೈಸರ್ಗಿಕ ರಬ್ಬರಿನ ಅಂಶ ಸಾಮಾನ್ಯವಾಗಿ ಹೆಚ್ಚು. ಮರಳಿನ ಜಾತಿಗೆ ಸೇರಿದ ಸಿಲಿಕವನ್ನೂ ಬೆರೆಸಿರುತ್ತಾರೆ. ಹೀಗಾಗಿ ಅದು ಚಳಿಯಲ್ಲಿಯೂ ಮೆತುವಾಗಿ ಉಳಿಯುವುದು. ಅದರ ಅಗಲವಾದ ತೋಡುಗಳು ಹಿಮವನ್ನು ಕಚ್ಚಿ ತುಂಬಿಕೊಳ್ಳುವುವು. ಹಿಮಕ್ಕೆ ಹಿಮ ಚೆನ್ನಾಗಿ ಅಂಟುವುದೆಂಬುದು ಹಿಮದುಂಡೆ ಕಟ್ಟುವ ಮಕ್ಕಳಿಗೂ ಗೊತ್ತು. ತೋಡಿನೊಳಗಿನ ಹಿಮವು ರಸ್ತೆಯ ಹಿಮವನ್ನು ಹಿಡಿಯುವುದೇ ಇಲ್ಲಿನ ರಹಸ್ಯ. ರಬ್ಬರಿನ ಒಂದೊಂದು ದಿಂಡಿನಲ್ಲಿಯೂ ಕೂದಲೆಳೆಯಂತಹ ಅನೇಕ ಸೀಳುಗಳಿರುವುವು. ಭಾರ ಬಿದ್ದಾಗ ಇವು ಬಾಯ್ದೆರೆದು, ತಮ್ಮ ಅಂಚುಗಳಿಂದ ನೆಲವನ್ನು ಪರಚಿ ಹಿಡಿಯುವುವು.

ಆರಿಸುವುದು ಹೇಗೆ?

ಮೊದಲು ಚಿಹ್ನೆಯನ್ನು ನೋಡಬೇಕು. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು: ಇದು ಹಿಮದ ಮೇಲೆ ಪರೀಕ್ಷಿಸಿದ ಟೈರಿನ ಗುರುತು. ಹಿಮ ಅಥವಾ ಮಂಜುಗಡ್ಡೆಯಿಂದ ಜಾರುವ ರಸ್ತೆಯಲ್ಲಿ ತಕ್ಕ ಟೈರಿಲ್ಲದೆ ಕಾರು ನಡೆಸಬಾರದೆಂದು ಜರ್ಮನಿಯಲ್ಲಿ ೨೦೧೦ರಲ್ಲಿ ಸ್ಪಷ್ಟ ನಿಯಮವಾಯಿತು. ೨೦೨೪ರ ಅಕ್ಟೋಬರಿನಿಂದ ಈ ಬೆಟ್ಟದ ಗುರುತಿರುವ ಟೈರುಗಳಿಗೆ ಮಾತ್ರ ಅಲ್ಲಿ ಮಾನ್ಯತೆ.

ಎರಡನೆಯದು ಅಗಲ. ಅಗಲವಾದ ಟೈರು ಸ್ಪೋರ್ಟ್ಸ್ ಕಾರಿಗೆ ಭೂಷಣವಾದರೂ, ಹೊಸ ಹಿಮದ ಮೇಲೆ ತೇಲಿದಂತಾಗುವುದು; ಕಿರಿದಾದ ಟೈರು ಹಿಮವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುವುದು. ಆದುದರಿಂದ ಕಾರಿನ ತಯಾರಕರು ಒಪ್ಪಿರುವ ಅಳತೆಗಳಲ್ಲಿ, ಬ್ರೇಕಿಗೆ ತಗಲದಷ್ಟು ಚಿಕ್ಕ ಗಾಲಿಯನ್ನೂ ಕಿರಿದಾದ ಟೈರನ್ನೂ ಆರಿಸುವುದು ಲೇಸು.

ಮೂರನೆಯದು ವೇಗದ ಮಿತಿ. ಟೈರಿನ ಮೇಲೆ ಟಿ ಎಂಬ ಅಕ್ಷರವಿದ್ದರೆ ಗಂಟೆಗೆ ೧೯೦, ಎಚ್ ಇದ್ದರೆ ೨೧೦, ವಿ ಇದ್ದರೆ ೨೪೦ ಕಿಲೊಮೀಟರು ಪರಮಾವಧಿ. ಕಾರು ಅದಕ್ಕಿಂತ ವೇಗವಾಗಿ ಓಡಬಲ್ಲದಾದರೂ ಚಾಲಕನು ಈ ಮಿತಿಯನ್ನು ಮೀರಕೂಡದು.

ನಾಲ್ಕೂ ಗಾಲಿಗಳಿಗೆ ಒಂದೇ ಬಗೆಯ ಟೈರು ಹಾಕಿಸಬೇಕು. ಎರಡಕ್ಕೆ ಮಾತ್ರ ಹಾಕಿಸಿದರೆ, ಹಿಡಿತವಿಲ್ಲದ ತುದಿ ತಿರುವಿನಲ್ಲಿ ಮೊದಲು ಜಾರುವುದು. ಇನ್ನು ಗಾಳಿಯ ಒತ್ತಡ. ೨೦ ಡಿಗ್ರಿ ಉಷ್ಣತೆಯ ಕೊಠಡಿಯಲ್ಲಿ ೨.೫ ಬಾರ್ ತುಂಬಿದ ಟೈರು ಶೂನ್ಯದ ಕೆಳಗೆ ೧೦ ಡಿಗ್ರಿ ಚಳಿಯಲ್ಲಿ ಸುಮಾರು ೨.೧ ಬಾರ್ ತೋರಿಸುವುದು. ಮಾಪಕವು ತೋರಿಸುವ ಒತ್ತಡಕ್ಕೆ ವಾತಾವರಣದ ಒಂದು ಬಾರನ್ನು ಕೂಡಿಸಿಕೊಂಡು, ಅನಿಲಗಳ ನಿಯಮದಿಂದ ವಿದ್ಯಾರ್ಥಿಗಳು ಇದನ್ನು ಸ್ವತಃ ಲೆಕ್ಕ ಮಾಡಿ ನೋಡಬಹುದು.

ಚಾಲನೆಯ ನಿಯಮ

ಘರ್ಷಣೆಯನ್ನು ಮಿತವಾದ ಸಂಬಳಕ್ಕೆ ಹೋಲಿಸಬಹುದು. ಅದನ್ನೆಲ್ಲ ತಿರುವಿಗೇ ವೆಚ್ಚಮಾಡಿದರೆ ಬ್ರೇಕಿಗೆ ಏನೂ ಉಳಿಯದು. ಆದುದರಿಂದ ತಿರುವಿಗೆ ಮುಂಚೆ, ನೇರವಾದ ಹಾದಿಯಲ್ಲಿಯೇ ವೇಗ ತಗ್ಗಿಸಬೇಕು. ೫೦ ಮೀಟರು ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ ಗಂಟೆಗೆ ೭೧ ಕಿಲೊಮೀಟರು ವೇಗದವರೆಗೆ ದಾಟಬಹುದಾದರೆ, ಘರ್ಷಣಾಂಕ ೦.೨ ಆದಾಗ ೩೬ ಕಿಲೊಮೀಟರೇ ಮೇರೆ. ಬ್ರೇಕು, ಚುಕ್ಕಾಣಿ, ವೇಗವರ್ಧಕ ಮೂರನ್ನೂ ಮೆಲ್ಲಮೆಲ್ಲನೆ ಬಳಸಬೇಕು.

ಪೋರ್ಷೆ ೯೧೧ರಲ್ಲಿ ಎಂಜಿನ್ನು ಹಿಂದಿನ ಅಚ್ಚಿಗೂ ಹಿಂದಿದೆ. ಈ ಭಾರವು ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವುದರಿಂದ ಹಿಮದಲ್ಲಿ ಹೊರಡಲು ಅನುಕೂಲ. ೧೯೬೮, ೧೯೬೯, ೧೯೭೦ ಈ ಮೂರು ವರ್ಷಗಳೂ ಚಳಿಗಾಲದ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಇದೇ ಕಾರು ಗೆದ್ದಿತು. ಅದಕ್ಕೆ ಮೊದಲು, ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಗೆದ್ದುದು ಪುಟ್ಟ ಮಿನಿ ಕೂಪರ್. ಅದರಲ್ಲಿ ಎಂಜಿನ್ನೂ ಮುಂದೆ, ಎಳೆಯುವ ಗಾಲಿಗಳೂ ಮುಂದೆ. ಎರಡರಲ್ಲಿಯೂ ಅನುಕೂಲವಾದ ಸೂತ್ರ ಒಂದೇ: ಎಳೆಯುವ ಗಾಲಿಯ ಮೇಲೆ ಭಾರವಿರಬೇಕು. ಆದರೆ ಹಿಂದೆ ಭಾರವಿರುವ ಕಾರಿಗೆ ಒಂದು ಅಪಾಯವೂ ಉಂಟು. ತಿರುವಿನ ನಡುವೆ ಹೆದರಿ ವೇಗವರ್ಧಕದಿಂದ ಕಾಲನ್ನು ಫಕ್ಕನೆ ತೆಗೆದರೆ ಭಾರ ಮುಂದಕ್ಕೆ ವಾಲಿ, ಹಗುರಾದ ಹಿಂಬದಿ ಲೋಲಕದಂತೆ ಹೊರಕ್ಕೆ ಬೀಸುವುದು. ಆಗ ಚುಕ್ಕಾಣಿಯನ್ನು ಹೋಗಬೇಕಾದ ದಿಕ್ಕಿಗೆ ಮೆಲ್ಲನೆ ತಿರುಗಿಸಬೇಕು. ಗಾಲಿ ಸ್ತಂಭಿಸದಂತೆಯೂ ಕಾರು ಅಡ್ಡಜಾರದಂತೆಯೂ ನೋಡಿಕೊಳ್ಳುವ ವಿದ್ಯುತ್ ಸಾಧನಗಳು ಈಗಿನ ಕಾರುಗಳಲ್ಲಿವೆ. ಇರುವ ಘರ್ಷಣೆಯನ್ನು ಅವು ಜಾಣತನದಿಂದ ಹಂಚಬಲ್ಲುವು. ಇಲ್ಲದ ಘರ್ಷಣೆಯನ್ನು ಸೃಷ್ಟಿಸಲಾರವು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಜನವರಿಯ ಆ ಮುಂಜಾನೆ ಕುಗ್ಗಿದುದು ನೆಲದ ಮತ್ತು ರಬ್ಬರಿನ ನಡುವಣ ಘರ್ಷಣೆ. ತಕ್ಕ ಟೈರನ್ನು ಆರಿಸಿ ಅದರಲ್ಲಿ ಒಂದು ಪಾಲನ್ನು ನಾವು ಮರಳಿ ಪಡೆಯಬಹುದು. ಉಳಿದ ಕೊರತೆಯನ್ನು ವೇಗವನ್ನು ತಗ್ಗಿಸಿಯೇ ತುಂಬಿಕೊಳ್ಳಬೇಕು.