ನಡು ಹೊರಳಿಸಿ, ಕೌದಿಗೆ ಒರಗಿ

ನಮ್ಮ ಕಡೆಯ ಹೆಂಗಸರಿಗೆ ಬಗ್ಗುವುದನ್ನೂ ಹೊರಳುವುದನ್ನೂ ಯಾರೂ ಕಲಿಸಬೇಕಾಗಿಲ್ಲ. ತೊಗರಿ ಸಾಲಿನಲ್ಲಿ ಕಳೆ ತೆಗೆಯುವಾಗ, ಬಿಳಿಜೋಳ ಕೊಯ್ಯುವಾಗ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ನಡು ಒಂದೇ ಸಮನೆ ದುಡಿಯುತ್ತಿರುತ್ತದೆ. ಆದರೆ ಕುಡುಗೋಲು ಯಾವಾಗಲೂ ಬಲಗೈಯಲ್ಲಿ, ಹಿಡಿದ ದಂಟು ಎಡಗೈಯಲ್ಲಿ. ಹೊರಳುವುದೆಲ್ಲ ಒಂದೇ ಮಗ್ಗುಲಿಗೆ, ಅದೂ ಬೆನ್ನು ಬಾಗಿಸಿಕೊಂಡು. ನನ್ನ ನಡುನೋವಿಗೆ ಎಕ್ಸ್-ರೇ ತೆಗೆಸಿದಾಗ ಎಲುಬು ಸರಿಯಾಗಿಯೇ ಇತ್ತು. ಬಿಗಿದು ಕೂತದ್ದು ಸ್ನಾಯು.

ಅದನ್ನು ಸಡಿಲಿಸಲೆಂದು ಯೋಗ ಕಲಿಯಲು ಬೀದರಿಗೆ ಹೋದೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಬೀದರ ತಾಲೂಕಿನ ನಮ್ಮ ನ್ಯಾಲ್ಕಲ್ ಸರ್ಕಲ್ಲು ಜಹೀರಾಬಾದ್, ನಾರಾಯಣಖೇಡಗಳ ಜೊತೆ ಆಂಧ್ರದ ಮೇದಕ್ ಜಿಲ್ಲೆಗೆ ಸೇರಿತು. ಈಗ ನಾವು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯವರು. ಕಚೇರಿಯ ಕಾಗದ ತೆಲುಗಿನಲ್ಲಿ ಬರುತ್ತದೆ. ಬೀಗತನಕ್ಕೆ, ದವಾಖಾನೆಗೆ ಮಾತ್ರ ನಮಗೆ ಇಂದಿಗೂ ಬೀದರೇ ಹತ್ತಿರ.

ಅಲ್ಲಿನ ಶಿಕ್ಷಕಿ ನನ್ನನ್ನು ನೆಲದ ಮೇಲೆ ಕೂಡಿಸಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಡ್ಡ ಕೂಡಿಸಿ, ಅದರ ಬೆನ್ನು ಹಿಡಿಸಿ ಭರದ್ವಾಜಾಸನ ಮಾಡಿಸಿದರು. "ಮೊದಲ ಉದ್ದ ಆಗ್ರಿ ಅಕ್ಕಾ, ಆಮ್ಯಾಲ ತಿರಗ್ರಿ" ಎಂದರು. ತಿರುಚುವ ಆಸನಗಳ ಜೀವಾಳವೆಲ್ಲ ಆ ಮಾತಿನಲ್ಲೇ ಇದೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ಬೆನ್ನನ್ನು ಮೇಲಕ್ಕೆ ಎಳೆಯಬೇಕು, ಬಿಡುವಾಗ ಹೊರಳಬೇಕು. ಮೊದಲು ಹೊಟ್ಟೆ, ಆಮೇಲೆ ಪಕ್ಕೆಲುಬು, ಭುಜ, ಕುತ್ತಿಗೆ ಎಲ್ಲಕ್ಕೂ ಕೊನೆಗೆ. ಸೊಂಟದ 5 ಮಣಿಗಳು ಹೊರಳುವುದು ತೀರ ಕಡಿಮೆ. ಎದೆಯ ಹಿಂದಿನ 12 ಮಣಿಗಳೇ ಹೆಚ್ಚು ಹೊರಳುವಂಥವು. ಕೈಬಲದಿಂದ ಸೊಂಟವನ್ನು ಎಳೆದು ತಿರುಗಿಸಿದರೆ ನೋವು ಹೆಚ್ಚುವುದು ಇದಕ್ಕೇ. ಎಡಕ್ಕೆ ಸಲೀಸಾಗಿ ಹೋದ ನನ್ನ ಮೈ ಬಲಕ್ಕೆ ಅರ್ಧದಲ್ಲೇ ನಿಂತಿತು. ಅಷ್ಟು ವರ್ಷಗಳ ಸುಗ್ಗಿ ಅದರೊಳಗಿತ್ತು. ಬಿಗಿದ ಮಗ್ಗುಲಿಗೂ ಸಡಿಲ ಮಗ್ಗುಲಿಗೂ ಅಷ್ಟೇ ಉಸಿರು ಕೊಡುತ್ತ ಬಂದಂತೆ ಬೆಳಿಗ್ಗೆ ಎದ್ದಾಗಿನ ಸೆಡೆತ ಇಳಿಯಿತು.

ಹೀಗೆ ತಿರುಚಿದರೆ ಹೊಟ್ಟೆಯ ವಿಷವೆಲ್ಲ ಹಿಂಡಿ ಹೋಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕೆಲಸ ಲಿವರ್ ಮತ್ತು ಕಿಡ್ನಿಯದು. ಬೆನ್ನು ಸಡಿಲಾಗಿ, ಉಸಿರು ಪಕ್ಕೆಯೊಳಗೆ ತುಂಬಿಕೊಳ್ಳುವುದೇ ಸಾಕಷ್ಟು ದೊಡ್ಡ ಲಾಭ.

ನನಗೆ ನಿಜವಾಗಿ ಹೊಸದಾಗಿ ಕಂಡದ್ದು ಇದರ ಮುಂದಿನ ಪಾಠ: ಮೈಗೆ ಆಸರೆ ಕೊಟ್ಟು, ಎಚ್ಚರವಿದ್ದೇ ವಿಶ್ರಮಿಸುವುದು. ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯದಲ್ಲೇ ಮತ್ಸ್ಯೇಂದ್ರಾಸನವೂ ಇದೆ, ಆಯಾಸ ಕಳೆಯುವ ಶವಾಸನವೂ ಇದೆ. ಆದರೆ ದಿಂಬು, ಕಂಬಳಿ, ಕುರ್ಚಿ, ಪಟ್ಟಿಗಳನ್ನು ಆಸನಕ್ಕೆ ಜೊತೆಮಾಡಿ ಅಶಕ್ತರಿಗೂ ಯೋಗವನ್ನು ಎಟುಕಿಸಿದವರು ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಬಳಲಿದ ಅವರು ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆನಿಂತರು. ಅವರ ಬಳಿ ಕಲಿತ ಅಮೆರಿಕದ ಜೂಡಿತ್ ಲಸಾಟರ್ 1995ರಲ್ಲಿ ಈ ವಿಶ್ರಾಂತಿಯ ಯೋಗದ ಮೇಲೆಯೇ ಒಂದು ಪುಸ್ತಕ ತಂದರು. ಕಾಯಿಲೆಯ ಮೈಯನ್ನು ಒಳಗಿನಿಂದ ಬಲ್ಲವರಿಂದ ಬಂದ ವಿದ್ಯೆ ಇದು. ಅದಕ್ಕೇ ದುಡಿದು ದಣಿದವರಿಗೆ ಇಷ್ಟು ಹೊಂದುತ್ತದೆ.

ಇದಕ್ಕೆ ಬಳಸುವ ಬೋಲ್ಸ್ಟರ್ ಎಂಬ ಉದ್ದ ದಿಂಬು ನಮ್ಮಲ್ಲಿ ಎಲ್ಲಿ ಸಿಗಬೇಕು? ಎರಡು ಕೌದಿ ಒತ್ತಾಗಿ ಸುತ್ತಿ ಹಗ್ಗ ಕಟ್ಟಿದರಾಯಿತು. ಆ ಸುರುಳಿಯನ್ನು ಬೆನ್ನುದ್ದಕ್ಕೆ ಇಟ್ಟು ಒರಗಿ, ಅಂಗಾಲು ಜೋಡಿಸಿ, ಮೊಣಕಾಲಿನಡಿ ತಲೆದಿಂಬು ಕೊಟ್ಟರೆ ಸುಪ್ತ ಬದ್ಧಕೋಣಾಸನ. ತೊಡೆಯ ಮೇಲೆ ಜೋಳದ ಸಣ್ಣ ಚೀಲ ಇಟ್ಟುಕೊಂಡರೆ ಕಾಲು ತಾನಾಗಿ ಭಾರ ಬಿಡುತ್ತದೆ. ಅಂಗಾತ ಮಲಗಿ, ಮಡಿಸಿದ ಮೊಣಕಾಲುಗಳನ್ನು ಒಂದು ಮಗ್ಗುಲಿಗೆ ದಿಂಬಿನ ಮೇಲೆ ಇಳಿಸಿದರೆ ಅದೇ ಮಲಗಿದ ಹೊರಳು. ಕಳೆ ತೆಗೆದು ಬಂದ ಸಂಜೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವಿಪರೀತ ಕರಣಿ: ಸೊಂಟದಡಿ ಮಡಿಸಿದ ಕಂಬಳಿ, ಗೋಡೆಗೆ ಚಾಚಿದ ಕಾಲು, ಕಣ್ಣಿನ ಮೇಲೊಂದು ಬಟ್ಟೆ. ಬಿಡುವ ಉಸಿರು ಉದ್ದವಾದಂತೆ ಎದೆಬಡಿತ ನಿಧಾನವಾಗುವುದು ಗೊತ್ತಾಗುತ್ತದೆ. ಮೈ ತಣ್ಣಗಾಗುವುದರಿಂದ ಹೊದಿಕೆ ಬೇಕೇ ಬೇಕು.

ಆಸನಕ್ಕಿಂತ ಕಷ್ಟವಾದದ್ದು ಹಗಲಲ್ಲಿ ಮಲಗುವುದು. ನಮ್ಮಲ್ಲಿ ಹೆಂಗಸು ಹೊತ್ತು ಮುಳುಗುವ ಮೊದಲು ಮಲಗಿದಳೆಂದರೆ ಆಕೆಗೆ ಜ್ವರವೇ ಬಂದಿರಬೇಕು. "ಮೈ ಹುಷಾರ್ ಇಲ್ಲೇನವಾ?" ಎಂದು ಅತ್ತೆ ಹಣೆ ಮುಟ್ಟಿ ನೋಡಿದರು. ನನಗೂ ಮಲಗಿದಲ್ಲೇ ಹಿಟ್ಟು, ನೀರು, ದನದ ಮೇವು ನೆನಪಾಗುತ್ತಿದ್ದವು. ವಿಶ್ರಾಂತಿಯನ್ನೂ ಅಭ್ಯಾಸದಿಂದಲೇ ಕಲಿಯಬೇಕೆಂದು ಆಗ ತಿಳಿಯಿತು. ಈಗ ಅತ್ತೆಯೂ ಕುರ್ಚಿಯ ಮೇಲೆ ಕಾಲಿಟ್ಟು ಪಕ್ಕದಲ್ಲಿ ಮಲಗುತ್ತಾರೆ.

ಯೋಗ ದಿನವನ್ನು 2015ರಿಂದ ಜೂನ್ 21ಕ್ಕೆ ಆಚರಿಸುತ್ತಾರೆ. ಅದು ಮುಂಗಾರು ಬಿತ್ತನೆಯ ಹೊತ್ತು. ಯೋಗ ಯಾರಿಗೆ ಹೆಚ್ಚು ಬೇಕೋ ಆ ಹೆಂಗಸರು ಅಂದು ಹೊಲದಲ್ಲಿರುತ್ತಾರೆ. ಹಳ್ಳಿಗಳಲ್ಲಿ ಇದನ್ನು ಕಲಿಸಬಯಸುವವರು ಸುಗ್ಗಿ ಮುಗಿದ ಮೇಲೆ, ಸಂಜೆ ಹೊತ್ತು ಬರಲಿ.

ಡಿಸ್ಕ್ ಜಾರಿದವರು, ಎಲುಬು ಸವೆದವರು, ಬಸುರಿಯರು, ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ತಿರುಚುವ ಆಸನ ಮಾಡಬಾರದು. ಗ್ಲಾಕೋಮಾ ಇದ್ದವರು, ಬಿ.ಪಿ. ಹತೋಟಿಯಲ್ಲಿಲ್ಲದವರು ಕಾಲು ಮೇಲೆತ್ತುವ ಮೊದಲೂ ಕೇಳಬೇಕು. ಉಳಿದಂತೆ ಮನೆಯವರಲ್ಲಿ ನನ್ನದೊಂದು ಬೇಡಿಕೆ: ಹೊಲದಿಂದ ಬಂದವಳು ಗೋಡೆಗೆ ಕಾಲು ಚಾಚಿ ಮಲಗಿದ್ದರೆ ದಯವಿಟ್ಟು 15 ನಿಮಿಷ ಎಬ್ಬಿಸಬೇಡಿ. ರೊಟ್ಟಿ ಸ್ವಲ್ಪ ತಡವಾಗಲಿ.