ದಂಡಿಗೆ, ಸೋರೆ, ತಂತಿ: ವಾದ್ಯ ಕಟ್ಟುವವರ ಅಚ್ಚುಗಳು

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡುವ ವಚನವನ್ನು ನೀವೆಲ್ಲರೂ ಓದಿರುವಿರಿ. ಅಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ಎಂಬ ಪದಗಳು ಬರುತ್ತವೆ. ಪರೀಕ್ಷೆಯಲ್ಲಿ ಇವನ್ನು ‘ಭಕ್ತಿಯ ರೂಪಕ’ ಎಂದು ಬರೆದು ಮುಂದೆ ಸಾಗುತ್ತೇವೆ. ಉರುಟಾದ ಸೋರೆಗೆ ನೇರವಾದ ದಂಡಿಗೆಯನ್ನು ಓರೆಯಾಗದಂತೆ ಕೂಡಿಸುವುದು ಹೇಗೆಂದು ಕೇಳುವುದಿಲ್ಲ. ಕೇಳಿದರೆ ರೂಪಕದ ತೂಕ ತಿಳಿಯುತ್ತದೆ.

ಉತ್ತರ ದೂರದಲ್ಲಿಲ್ಲ. ಇಚಲಕರಂಜಿಗೆ ಸಮೀಪದ ಮಿರಜದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಸಿತಾರ, ತಂಬೂರಿಗಳು ಸಿದ್ಧವಾಗುತ್ತಿವೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಈ ಕಸುಬಿಗೆ ಅಲ್ಲಿ ತಳಹದಿ ಹಾಕಿದರು. ಬಾಳಕೃಷ್ಣಬುವಾ ಇಚಲಕರಂಜೀಕರ, ಅವರ ಶಿಷ್ಯ ವಿಷ್ಣು ದಿಗಂಬರ ಪಲೂಸ್ಕರ, ಅಬ್ದುಲ್ ಕರೀಮ್ ಖಾನ್ ಮೊದಲಾದವರು ಈ ಸೀಮೆಯಲ್ಲಿ ಬಾಳಿದ್ದರಿಂದ ವಾದ್ಯವನ್ನು ಪರೀಕ್ಷಿಸುವ ಕಿವಿಗಳೂ ಹತ್ತಿರದಲ್ಲಿದ್ದವು. ಸೋರೆಗಳು ಪಂಢರಪುರ, ಮಂಗಳವೇಢೆಯ ಕಡೆಯಿಂದ ಬರುತ್ತವೆ. ಆ ಮಂಗಳವೇಢೆಯೇ ಬಿಜ್ಜಳನ ಮಂಗಳವಾಡ ಎಂಬುದನ್ನು ನೆನೆಯಿರಿ. 2024ರಲ್ಲಿ ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಈಗ ಪಾಠಕ್ಕೆ ಬರೋಣ. ಶಿರೋಲಿ, ಗೋಕುಳ ಶಿರಗಾಂವದ ಕಾರ್ಖಾನೆಗಳಲ್ಲಿ ದುಡಿಯುವ ನಿಮ್ಮ ಅಣ್ಣಂದಿರಿಗೆ ‘ಜಿಗ್’, ‘ಫಿಕ್ಸ್‌ಚರ್’ ಎಂಬ ಮಾತುಗಳು ಚಿರಪರಿಚಿತ. ಎರಡೂ ಒಂದೇ ಅಲ್ಲ. ಕೆಲಸದ ವಸ್ತುವನ್ನು ಅಲುಗದಂತೆ ನೆಲೆಯಲ್ಲಿ ಹಿಡಿಯುವುದು ಫಿಕ್ಸ್‌ಚರ್. ವಸ್ತುವನ್ನು ನೆಲೆಗೊಳಿಸುವುದರ ಜೊತೆಗೆ ಹತಾರಕ್ಕೂ ದಾರಿ ತೋರಿಸುವುದು ಜಿಗ್. ಬಿರಡೆಯ ರಂಧ್ರ ಓರೆಯಾದರೆ ಬಿರಡೆ ಸರಿಯಾಗಿ ಕೂರದೆ ಜಾರಿ, ಶ್ರುತಿ ಇಳಿಯುತ್ತದೆ. ಮೊದಲೇ ನೇರವಾಗಿ ಕೊರೆದಿಟ್ಟ ತೂತಿರುವ ಗಟ್ಟಿ ಮರದ ತುಂಡೊಂದನ್ನು ದಂಡಿಗೆಯ ಮೇಲೆ ಬಿಗಿದು ಅದರ ಮೂಲಕ ಬೈರಿಗೆ ಇಳಿಸಿದರೆ ಕೈ ತಪ್ಪದು. ಆ ಮರದ ತುಂಡೇ ಜಿಗ್.

ಹಿಡಿಯುವುದಕ್ಕೂ ಒಂದು ನಿಯಮವಿದೆ. ನಾಲ್ಕು ಕಾಲಿನ ಮಣೆ ಅಂಕುಡೊಂಕು ನೆಲದಲ್ಲಿ ಅಲುಗುತ್ತದೆ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಗಡಿಗೆ ಅಲುಗುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಕೂಡುತ್ತವೆ. ಆದ್ದರಿಂದ ಚೌಕಾಕಾರದ ವಸ್ತುವಿಗೆ ಫಿಕ್ಸ್‌ಚರ್ ಮಾಡುವಾಗ ತಳಕ್ಕೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು, ಹೀಗೆ ಆರು ಆಸರೆಗಳನ್ನು ಕೊಡುತ್ತಾರೆ. ಸೋರೆಯಾದರೋ ಬಳ್ಳಿಯಲ್ಲಿ ಬೆಳೆದದ್ದು; ಒಂದರಂತೆ ಇನ್ನೊಂದಿಲ್ಲ. ಅದಕ್ಕೆ ಬಿಗಿಯಾದ ಅಚ್ಚು ಒಗ್ಗದು. ಮರಳಿನ ಚೀಲವೋ ಬಟ್ಟೆಯ ಸಿಂಬಿಯೋ ಬೇಕು. ನೀರಿನ ಕೊಡದ ಕೆಳಗಿಡುವ ಸಿಂಬಿಯೂ ಒಂದು ಫಿಕ್ಸ್‌ಚರ್ ಎಂದರೆ ತಪ್ಪಾಗದು.

ಅಚ್ಚಿನ ಉಪಕಾರವೂ ಅಪಾಯವೂ ಗಿಟಾರಿನಲ್ಲಿ ಎದ್ದು ಕಾಣುತ್ತವೆ. ಅದರ ಮೆಟ್ಟಿಲುಗಳು ಸ್ಥಿರ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಸಿಗುತ್ತದೆ. ಉಳಿದ ಉದ್ದವನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. 650 ಮಿ.ಮೀ. ತಂತಿಗೆ ಮೊದಲ ಮೆಟ್ಟಿಲು ಸುಮಾರು 36.5 ಮಿ.ಮೀ. ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ನಡುವೆ, 325 ಮಿ.ಮೀ.ಗೆ ಬೀಳುತ್ತದೆ. ಪ್ರತಿಯೊಂದನ್ನೂ ಹಿಂದಿನ ಗೆರೆಯಿಂದ ಅಳೆದರೆ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ಆದುದರಿಂದ ಎಲ್ಲವನ್ನೂ ಒಂದೇ ಆರಂಭಬಿಂದುವಿನಿಂದ ಗುರುತಿಸಿದ ಪಟ್ಟಿಯನ್ನು ಮಾಡಿಟ್ಟುಕೊಳ್ಳುವುದು ವಾಡಿಕೆ. ಆದರೆ ಆ ಪಟ್ಟಿಯೇ ತಪ್ಪಿದ್ದರೆ ನೂರು ವಾದ್ಯಗಳೂ ಒಂದೇ ರೀತಿ ಅಪಸ್ವರ ನುಡಿಯುತ್ತವೆ. ಆದ್ದರಿಂದ ಅಚ್ಚು ಮಾಡುವವನು ವಾದ್ಯ ಮಾಡುವವನಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಸಿತಾರದ ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ಸರಿಸಬಹುದು. ತಂಬೂರಿಗೆ ಮೆಟ್ಟಿಲೇ ಇಲ್ಲ. ಅಲ್ಲಿಯ ಕೊನೆಯ ಮಾತು ಜವಾರಿಯದು. (ಇದು ಜವಾರಿ ಹತ್ತಿ, ಜವಾರಿ ಕೋಳಿಯ ‘ಜವಾರಿ’ ಅಲ್ಲ.) ತಂತಿ ಹಾಯುವ ಕುದುರೆಯ ಮೇಲ್ಮೈಯನ್ನು ನವಿರಾಗಿ ಉಜ್ಜಿ, ತಂತಿ ಅದನ್ನು ಸವರಿಕೊಂಡು ಝೇಂಕರಿಸುವಂತೆ ಮಾಡುವ ಕೆಲಸವಿದು. ಉಜ್ಜುವುದು, ಕೇಳುವುದು, ಮತ್ತೆ ಉಜ್ಜುವುದು. ಕೈಯ ಕೆಲಸಕ್ಕೆ ಕಿವಿಯೇ ಅಳತೆಗೋಲು. ಅಚ್ಚು ಗುರುವಿನ ತರುವಾಯವೂ ಉಳಿಯುತ್ತದೆ. ಜವಾರಿಯ ಜ್ಞಾನ ಶಿಷ್ಯನಿದ್ದರೆ ಮಾತ್ರ ಉಳಿಯುತ್ತದೆ. ಆ ಮನೆಗಳ ಮಕ್ಕಳು ಬೇರೆ ಉದ್ಯೋಗ ಹಿಡಿದರೆ ಮನ್ನಣೆಯ ಪತ್ರ ಉಳಿದು ನಾದ ಹೋದೀತು.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು? ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ಹೇಳುತ್ತ ದೇಹವನ್ನು ವಾದ್ಯಕ್ಕೂ ನಾಲಗೆಯನ್ನು ನುಡಿಸುವ ಕೋಲಿಗೂ ಹೋಲಿಸಿದ್ದಾನೆ. ಛಂದಸ್ಸೂ ನಮ್ಮ ಅಚ್ಚೇ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗಣಗಳು ಕವಿಯ ಕೈಯನ್ನು ನಡೆಸುತ್ತವೆ. ಗಣ ತಪ್ಪದ ಪದ್ಯವೆಲ್ಲ ಕಾವ್ಯವಾಗದು; ಕುಮಾರವ್ಯಾಸನ ಪದ್ಯ ಝೇಂಕರಿಸುವುದು ಗಣದಾಚೆಗಿನ ಜವಾರಿಯಿಂದ. ಪ್ರಸ್ತಾರ ಹಾಕಿ ಗಣ ಬಿಡಿಸಿದ ಮೇಲೆ ಪದ್ಯವನ್ನು ಗಟ್ಟಿಯಾಗಿ ಓದಿ ಕೇಳಿರೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಅಭ್ಯಾಸ: ನಿಮ್ಮ ಊರಿನ ಬಡಗಿ, ನೇಕಾರ, ಕುಂಬಾರ ಅಥವಾ ಎರಕದ ಕೆಲಸಗಾರರೊಬ್ಬರ ಬಳಿ ಅರ್ಧ ದಿನ ಕುಳಿತುಕೊಳ್ಳಿರಿ. ಅವರು ಬಳಸುವ ಅಚ್ಚು, ಅಳತೆ, ಹಿಡಿಕೆಗಳ ಹೆಸರುಗಳನ್ನು ಅವರಾಡಿದಂತೆಯೇ ಬರೆದುಕೊಳ್ಳಿರಿ. ಕನ್ನಡದ ಮಾತು, ಮರಾಠಿಯ ಮಾತು, ಎರಡಕ್ಕೂ ಸಮಾನವಾದ ಮಾತು ಎಂದು ಮೂರು ಸಾಲು ಮಾಡಿರಿ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿರಿ: ನಿಮ್ಮ ಕೆಲಸದಲ್ಲಿ ಅಚ್ಚಿಗೆ ಸಿಗದ ಭಾಗ ಯಾವುದು? ಆ ಉತ್ತರವನ್ನು ತಿದ್ದದೆ ತನ್ನಿರಿ.